ದಿನಕ್ಕೆರಡು ಬಾರಿ ಹುಟ್ಟುವ ಕಡಲತೀರ

ನಾವು ಮೊದಲ ಸಲ ಸ್ಯಾಂ ಮಾಲೊ ಊರಿಗೆ ಹೋಗಿ ಇಳಿದದ್ದು ಆಗಸ್ಟ್ ತಿಂಗಳ ಒಂದು ಸಂಜೆ. ಗಂಟೆ ಎಂಟಾಗಿದ್ದರೂ ಬಿಸಿಲು ಮಾಸಿರಲಿಲ್ಲ. ಪೆಟ್ಟಿಗೆಗಳನ್ನು ಬಾಡಿಗೆ ಕೋಣೆಯಲ್ಲಿಟ್ಟವರೇ, ಸುಮಾರು 3 ಕಿಲೋಮೀಟರು ಉದ್ದಕ್ಕೂ ಮರಳು ಹಾಸಿದೆಯೆಂದು ಓದಿಕೊಂಡು ಬಂದಿದ್ದ ಸಿಯೋಂ ಕಡಲತೀರದ ಕಡೆಗೆ ಹೊರಟೆವು. ಅಲ್ಲಿ ಮರಳೇ ಇರಲಿಲ್ಲ. ಕಲ್ಲಿನ ತಡೆಗೋಡೆಗೆ ಸಮುದ್ರ ನೇರವಾಗಿ ಬಂದು ಅಪ್ಪಳಿಸುತ್ತಿತ್ತು. ಒಡೆದ ಅಲೆಯ ನೀರು ಗೋಡೆಯ ಮೇಲೆ ಅಡ್ಡಾಡುತ್ತಿದ್ದವರ ತಲೆಯ ಮೇಲೆ ಬೀಳುತ್ತಿತ್ತು, ಅವರು ನಗುತ್ತ ಹಿಂದೆ ಸರಿಯುತ್ತಿದ್ದರು. ಅಲೆಯ ಹೊಡೆತ ಮುರಿಯಲೆಂದು ಗೋಡೆಯ ಬುಡದಲ್ಲಿ ನೆಟ್ಟಿರುವ ಓಕ್ ಮರದ ದಿಮ್ಮಿಗಳ ಕಪ್ಪು ತುದಿಗಳಷ್ಟೇ ನೀರಿನ ಮೇಲೆ ಸಾಲಾಗಿ ಕಾಣುತ್ತಿದ್ದವು. ಬೇರೆಲ್ಲಿಗೋ ಬಂದುಬಿಟ್ಟಿದ್ದೇವೆಯೇ ಎಂದು ನನ್ನ ಹೆಂಡತಿ ಎರಡು ಸಲ ಕೇಳಿದಳು. ಮರುದಿನ ಮಧ್ಯಾಹ್ನ ಎರಡೂವರೆಗೆ ಅದೇ ಗೋಡೆಯ ಮೇಲೆ ನಿಂತಾಗ ನಾವು ಹುಡುಕಬೇಕಾದದ್ದು ಸಮುದ್ರವನ್ನು. ಹಿಂದಿನ ಸಂಜೆ ತುದಿಯಷ್ಟೇ ತೋರಿಸಿದ್ದ ದಿಮ್ಮಿಗಳು ಆಳೆತ್ತರಕ್ಕೂ ಮೀರಿ ನಿಂತಿದ್ದವು, ಅವುಗಳ ಆಚೆ ಒದ್ದೆ ಮರಳು ಹರವಿಕೊಂಡಿತ್ತು, ನಿನ್ನೆ ನಡುನೀರಿನಲ್ಲಿದ್ದ ದ್ವೀಪಗಳಿಗೆ ಜನ ಬುಟ್ಟಿ ಹಿಡಿದು ನಡೆದುಕೊಂಡು ಹೋಗುತ್ತಿದ್ದರು.

ಫ್ರಾನ್ಸಿನ ವಾಯವ್ಯಕ್ಕೆ ಅಟ್ಲಾಂಟಿಕ್‌ನೊಳಗೆ ಚಾಚಿಕೊಂಡಿರುವ ಬ್ರಿಟನಿಯಲ್ಲಿ ಆಮೇಲೆ ನಾವು ಮೂರು ಬೇಸಿಗೆಗಳನ್ನು ಕಳೆದಿದ್ದೇವೆ. ಯಾವ ತೀರ ಚೆನ್ನಾಗಿದೆ ಎಂದು ಗೆಳೆಯರು ಕೇಳಿದಾಗಲೆಲ್ಲ ನನ್ನ ಬಾಯಿಗೆ ಮೊದಲು ಬರುವುದು, ಎಷ್ಟು ಗಂಟೆಗೆ ಎಂಬ ಮರುಪ್ರಶ್ನೆ. ಅಲ್ಲಿ ಕಡಲತೀರವೆಂದರೆ ಒಂದು ಜಾಗ ಎನ್ನುವುದಕ್ಕಿಂತ ಒಂದು ಹೊತ್ತು ಎನ್ನುವುದೇ ಸರಿ. ಬೆಳಗ್ಗೆ ಕಂಡ ಕೊಲ್ಲಿಗೂ ಮಧ್ಯಾಹ್ನ ಕಂಡ ಅದೇ ಕೊಲ್ಲಿಗೂ ಹೆಸರನ್ನು ಬಿಟ್ಟರೆ ಬೇರೆ ಸಂಬಂಧವಿರುವುದಿಲ್ಲ.

ಇದನ್ನು ನಮಗೆ ಕಲಿಸಿದ್ದು ಮನೆಯೊಡತಿ ಎರಡನೆಯ ದಿನ ಕೈಗಿತ್ತ, ಅಂಗೈಯಗಲದ ಒಂದು ಪುಸ್ತಿಕೆ. ಅದು ಆ ವರ್ಷದ ಉಬ್ಬರವಿಳಿತದ ವೇಳಾಪಟ್ಟಿ. ಪತ್ರಿಕೆಯಂಗಡಿಗಳಲ್ಲೂ ಗಾಳದ ಸಾಮಾನಿನ ಅಂಗಡಿಗಳಲ್ಲೂ ಸಿಗುತ್ತದೆ. ಒಂದೊಂದು ದಿನದ ಉಬ್ಬರ ಮತ್ತು ಇಳಿತದ ಗಂಟೆ, ನಿಮಿಷ, ನೀರಿನ ಎತ್ತರ, ಪಕ್ಕದಲ್ಲಿ ಚಂದ್ರನ ಪುಟ್ಟ ಚಿತ್ರ, ಕೊನೆಯ ಅಂಕಣದಲ್ಲಿ 20ರಿಂದ 120ರವರೆಗಿನ ಒಂದು ಅಂಕ. ಆ ಅಂಕ ದೊಡ್ಡದಾದಷ್ಟೂ ಸಮುದ್ರ ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಪುಟ ತಿರುಗಿಸುತ್ತಿದ್ದಂತೆ ನನಗೆ ನಮ್ಮೂರ ಮನೆಯ ಗೋಡೆಯಲ್ಲಿ ಮೊಳೆಗೆ ತೂಗುತ್ತಿದ್ದ ಪಂಚಾಂಗದ ನೆನಪಾಯಿತು, ಮತ್ತು ಅದು ಬರಿಯ ನೆನಪಲ್ಲವೆಂದು ಬೇಗನೆ ತಿಳಿಯಿತು. ಅಮಾವಾಸ್ಯೆ ಹುಣ್ಣಿಮೆಗಳಾದ ಒಂದೆರಡು ದಿನಕ್ಕೆ ಅಂಕ ಏರುತ್ತದೆ, ಅಷ್ಟಮಿ ಕಳೆದ ಮೇಲೆ ಕುಗ್ಗುತ್ತದೆ, ಹಗಲು ಇರುಳು ಸಮನಾಗುವ ಮಾರ್ಚ್ ಮತ್ತು ಸೆಪ್ಟೆಂಬರ್‌ಗಳಲ್ಲಿ ನೂರನ್ನು ದಾಟುತ್ತದೆ. ತಿಥಿ ಗೊತ್ತಿದ್ದವನು ಪುಸ್ತಿಕೆಯನ್ನು ಅರ್ಧ ಓದಿದಂತೆಯೇ. ಇನ್ನೊಂದು ಗುಟ್ಟೂ ಇದೆ. ಒಂದು ಊರಿನಲ್ಲಿ ದೊಡ್ಡ ಉಬ್ಬರಗಳು ಯಾವಾಗಲೂ ಹೆಚ್ಚುಕಡಿಮೆ ಅದೇ ಗಂಟೆಗೆ ಬರುತ್ತವೆ. ಸ್ಯಾಂ ಮಾಲೊದಲ್ಲಿ ಬೇಸಿಗೆಯ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ತುಂಬುವುದು ಬೆಳಗ್ಗೆ ಮತ್ತು ಸಂಜೆ ಎಂಟರ ಹೊತ್ತಿಗೆ, ಬರಿದಾಗುವುದು ಮಧ್ಯಾಹ್ನ. ಆದ್ದರಿಂದ ಆ ದಿನಗಳು ನಡೆಯುವವರಿಗೆ ಮತ್ತು ಚಿಪ್ಪು ಹೆಕ್ಕುವವರಿಗೆ; ಅಷ್ಟಮಿಯ ಸುತ್ತಲಿನ ದಿನಗಳು ನಡುಹಗಲಲ್ಲಿ ಈಜಬಯಸುವವರಿಗೆ. ರಜೆಯ ವಾರವನ್ನು ಗೊತ್ತುಮಾಡುವ ಮುನ್ನ ತಿಥಿ ನೋಡಬೇಕೆಂದು ಫ್ರಾನ್ಸಿನಲ್ಲಿ ನನಗೆ ತಿಳಿಯಬೇಕಾಯಿತೆಂದರೆ ಅಜ್ಜಿ ಬಹಳ ನಗುತ್ತಿದ್ದರು.

ನಾನು ಹೊನ್ನಾವರದ ಕಡೆಯವನು. ನಮ್ಮ ಕಡಲಿಗೂ ಭರತ, ಇಳಿತಗಳಿವೆ. ಆದರೆ 2 ಮೀಟರಿನ ಆಸುಪಾಸಿನ ಆ ಏರಿಳಿತವನ್ನು ಲೆಕ್ಕವಿಡುವವರು ಅಳಿವೆ ದಾಟುವ ದೋಣಿಯವರು ಮತ್ತು ಉಪ್ಪುನೀರು ನುಗ್ಗುವ ಗಜನಿ ಗದ್ದೆಯವರು. ಸಂಜೆ ಗಾಳಿಗೆಂದು ಮರಳಿನ ಮೇಲೆ ಕೂರುವವರಲ್ಲ. ಸ್ಯಾಂ ಮಾಲೊದಲ್ಲಿ ದೊಡ್ಡ ದಿನಗಳಲ್ಲಿ ಆ ಅಂತರ 12, 13 ಮೀಟರನ್ನು ಮುಟ್ಟುತ್ತದೆ, ಅಂದರೆ ನಾಲ್ಕು ಮಹಡಿಯ ಕಟ್ಟಡದಷ್ಟು ನೀರು. ಅಟ್ಲಾಂಟಿಕ್‌ನಿಂದ ಇಂಗ್ಲಿಷ್ ಕಾಲುವೆಯೊಳಗೆ ನುಗ್ಗುವ ಉಬ್ಬರಕ್ಕೆ ಮುಂದೆ ಕೊತಾಂತಾಂ ಪರ್ಯಾಯದ್ವೀಪ ಅಡ್ಡ ನಿಂತಿದೆ. ತಳ ಆಳವಿಲ್ಲ, ಪಕ್ಕಕ್ಕೆ ಹೋಗಲು ದಾರಿಯಿಲ್ಲ, ಹಾಗಾಗಿ ನೀರು ಆ ಮೂಲೆಯಲ್ಲಿ ಮೇಲಕ್ಕೇ ಏರಬೇಕು. ಏರುವ ಆರು ಗಂಟೆಗಳಲ್ಲೂ ವೇಗ ಒಂದೇ ಅಲ್ಲ. ಅಲ್ಲಿನ ನಾವಿಕರು ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿ, ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಿಗೆ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು ಎಂದು ಲೆಕ್ಕ ಹಾಕುತ್ತಾರೆ. 12 ಮೀಟರಿನ ದಿನ ಇದನ್ನು ಅನ್ವಯಿಸಿ ನೋಡಿ: ಮೊದಲ ಗಂಟೆಯಲ್ಲಿ 1 ಮೀಟರು ಏರಿದ ಸಮುದ್ರ ಮೂರನೆಯ ಗಂಟೆಯಲ್ಲಿ 3 ಮೀಟರು ಏರುತ್ತದೆ. ನೀರು ನಿಧಾನವಾಗಿ ಬರುತ್ತಿದೆಯಲ್ಲ ಎಂದು ಮರಳಿನ ಮೇಲೆ ನಿದ್ದೆಗೆ ಜಾರಿದವರನ್ನು ಎಚ್ಚರಿಸುವುದು ಆ ಮೂರನೆಯ ಗಂಟೆ.

ನಮಗೂ ಒಮ್ಮೆ ಅದರ ರುಚಿ ಸಿಕ್ಕಿತು. ಕೋಟೆಗೋಡೆಯ ಎದುರಿಗೇ ಇರುವ ಗ್ರಾಂ ಬೇ ಎಂಬ ಪುಟ್ಟ ದ್ವೀಪಕ್ಕೆ ಇಳಿತದಲ್ಲಿ ಕಲ್ಲುಹಾಸಿನ ದಾರಿ ತೆರೆದುಕೊಳ್ಳುತ್ತದೆ. 1848ರಲ್ಲಿ ತೀರಿಕೊಂಡ ಲೇಖಕ ಶಾತೋಬ್ರಿಯಾಂ ಅವರ ಸಮಾಧಿ ಅಲ್ಲಿದೆ. ಸಮಾಧಿಯ ಮೇಲೆ ಹೆಸರಿಲ್ಲ. ಕಡಲಿಗೆ ಮುಖಮಾಡಿದ ಒಂದು ಕಲ್ಲಿನ ಶಿಲುಬೆ, ಅಷ್ಟೆ. ಅಲೆ ಮತ್ತು ಗಾಳಿಯ ಸದ್ದನ್ನಷ್ಟೇ ಕೇಳುತ್ತ ಮಲಗಬಯಸಿದವರು ಇಲ್ಲಿದ್ದಾರೆ, ಅವರ ಇಚ್ಛೆಯನ್ನು ಗೌರವಿಸಿ ಎಂಬ ಅರ್ಥದ ಫಲಕವೊಂದು ಹತ್ತಿರದಲ್ಲಿದೆ. ಗೌರವಿಸುತ್ತ ಕೂತು ನಾವು ಹೊತ್ತು ಮರೆತೆವು. ಕೆಳಗಿಳಿದಾಗ ದಾರಿಯ ಎರಡೂ ಬದಿಯಿಂದ ನೀರು ಕಲ್ಲನ್ನು ನೆಕ್ಕುತ್ತಿತ್ತು. ಓಡಿದೆವು, ಕೊನೆಯ ಹತ್ತು ಹೆಜ್ಜೆ ಪಾದ ಮುಳುಗುವಷ್ಟು ನೀರಿನಲ್ಲೇ ಆಯಿತು. ನಮ್ಮ ಹಿಂದೆ ಬರುತ್ತಿದ್ದ ಇಬ್ಬರು ಅಲ್ಲಿನ ಸೂಚನಾಫಲಕ ಹೇಳುವಂತೆ, ನೀರಿಗಿಳಿಯದೆ ದ್ವೀಪಕ್ಕೇ ಹಿಂದಿರುಗಿದರು. ರಾತ್ರಿ ಹತ್ತರ ನಂತರ ಕೋಟೆಯ ಮೇಲೆ ತಿರುಗಾಡುವಾಗ ಕತ್ತಲ ದ್ವೀಪದಲ್ಲಿ ಅವರ ಮೊಬೈಲಿನ ಬೆಳಕು ಕಾಣುತ್ತಿತ್ತು. ಬುದ್ಧಿವಂತರು ಅವರೇ ಎಂದು ಈಗಲೂ ನನಗನಿಸುತ್ತದೆ.

ಅದೇ ಗೋಡೆಯ ಬುಡದಲ್ಲಿ ಬೋಂ ಸಕೂರ್ ಎಂಬ ಕಿರುತೀರವಿದೆ. ಇಳಿತದಲ್ಲಿ ಸಮುದ್ರ ದೂರ ಸರಿದಾಗ ಈಜುವವರಿಗೆ ನೀರೇ ಇರುವುದಿಲ್ಲವಲ್ಲ, ಅದಕ್ಕೆಂದು 1930ರ ದಶಕದಲ್ಲಿ ಅಲ್ಲೊಂದು ಕಟ್ಟೆ ಕಟ್ಟಿ ಉಬ್ಬರದ ನೀರು ಹಿಂದೆ ಉಳಿಯುವಂತೆ ಕೊಳ ಮಾಡಿದ್ದಾರೆ. ದಿನಕ್ಕೆರಡು ಸಲ ಸಮುದ್ರವೇ ಬಂದು ನೀರು ಬದಲಿಸುತ್ತದೆ. ಧುಮುಕುವವರ ಮೆಟ್ಟಿಲುಗೋಪುರ ಇಳಿತದಲ್ಲಿ ಕೊಳದೊಳಗೆ, ಉಬ್ಬರದಲ್ಲಿ ನೇರ ಸಮುದ್ರದೊಳಗೆ ನಿಂತಂತೆ ಕಾಣುತ್ತದೆ. ಬ್ರಿಟನಿಯವರು ಕಡಲಿನೊಡನೆ ಮಾಡಿಕೊಂಡಿರುವ ಒಪ್ಪಂದಗಳಲ್ಲಿ ಇದು ನನಗೆ ಅತ್ಯಂತ ಇಷ್ಟವಾದದ್ದು. 1966ರಿಂದ ಪಕ್ಕದ ರಾಂಸ್ ನದಿಮುಖದಲ್ಲಿ ಇದೇ ಉಬ್ಬರದಿಂದ 240 ಮೆಗಾವಾಟ್ ಸಾಮರ್ಥ್ಯದ ಸ್ಥಾವರ ವಿದ್ಯುತ್ ತೆಗೆಯುತ್ತಿರುವುದಕ್ಕಿಂತಲೂ. ಆ ಅಣೆಕಟ್ಟಿನ ಮೇಲಿನ ರಸ್ತೆ ದಾಟಿದರೆ ದಿನಾರ್. ಪಟ್ಟೆಪಟ್ಟೆಯ ಬಟ್ಟೆಯ ಡೇರೆಗಳು, ಬಂಡೆಯ ಮೇಲೆ ಸಿರಿವಂತರ ಹಳೆಯ ಬಂಗಲೆಗಳು, ಬಾಚಿದ ತಲೆಯಂತೆ ಅಚ್ಚುಕಟ್ಟಾದ ಮರಳು. ನೋಡಲು ಚಂದ, ಅರ್ಧ ದಿನ ಸಾಕು.

ಸ್ಯಾಂ ಮಾಲೊದಿಂದ ಪೂರ್ವಕ್ಕೆ, ಸಿಂಪಿಗೆ ಹೆಸರಾದ ಕಾಂಕಾಲ್ ಊರಿನ ಕಡೆಗೆ ಹೋಗುವ ದಾರಿಯಲ್ಲಿ ಗುಟ್ಟಾಗಿರುವ ತೀರಗಳು ಹೆಚ್ಚು. ವೆರ್ಜೇ ಎಂಬ ಕೊಲ್ಲಿಯಲ್ಲಿ ಮರಳಿನ ಹಿಂದೆಯೇ ಒಂದು ಪ್ರಾರ್ಥನಾಮಂದಿರವಿದೆ; ಕಾಡ್ ಮೀನಿಗಾಗಿ ತಿಂಗಳುಗಟ್ಟಲೆ ನ್ಯೂಫೌಂಡ್‌ಲೆಂಡಿನ ಕಡಲಿಗೆ ಹೋಗುತ್ತಿದ್ದವರ ಮನೆಯವರು ಅಲ್ಲಿ ಹರಕೆ ಹೊರುತ್ತಿದ್ದರು. ನೀರಾಟಕ್ಕೆ ಬಂದ ಮಕ್ಕಳ ಕೇಕೆ ಆ ಬಾಗಿಲವರೆಗೂ ಕೇಳುತ್ತದೆ. ಒಳಗೆ ಹರಕೆಯ ಫಲಕಗಳನ್ನು ನೋಡಿ ಹೊರಬಂದಾಗ ಹೊರಗಿನ ನೀಲಿ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಈ ತೀರದಿಂದ ಹೊರಟ ಹಡಗುಗಳು ನಮ್ಮ ಕಡಲಿಗೂ ಬಂದಿವೆ: 1746ರಲ್ಲಿ ಇಂಗ್ಲಿಷರಿಂದ ಮದರಾಸನ್ನು ಕಿತ್ತುಕೊಂಡ ಮಾಎ ದ ಲಾ ಬೂರ್ದೊನೇ 1699ರಲ್ಲಿ ಹುಟ್ಟಿದ್ದು ಸ್ಯಾಂ ಮಾಲೊದಲ್ಲೇ.

ಈ ತೀರಗಳಿಗೆಲ್ಲ ಹೋಗುವ ಅತ್ಯುತ್ತಮ ದಾರಿ ಕಾಲುದಾರಿ. ಕಳ್ಳಸಾಗಣೆ ತಡೆಯಲು ಸುಂಕದ ಕಾವಲುಗಾರರು ಹಗಲಿರುಳು ನಡೆಯುತ್ತಿದ್ದ ಅಂಚಿನ ದಾರಿಯೇ ಇಂದು ಜಿ.ಆರ್. 34 ಎಂಬ ಹೆಸರಿನಲ್ಲಿ ಸುಮಾರು 2000 ಕಿಲೋಮೀಟರು ಬ್ರಿಟನಿಯನ್ನು ಸುತ್ತುತ್ತದೆ. 1976ರ ಕಾನೂನೊಂದು ಸಮುದ್ರದಂಚಿನ ಖಾಸಗಿ ಜಮೀನುಗಳಲ್ಲೂ 3 ಮೀಟರು ಅಗಲ ನಡೆಯುವವರಿಗೆ ಬಿಡಬೇಕೆಂದಿತು. ಬಂಗಲೆಯ ಬೇಲಿಗೂ ಬಂಡೆಯ ಅಂಚಿಗೂ ನಡುವೆ ನುಸುಳಿಕೊಂಡು ನಡೆಯುವಾಗ ಆ ಕಾನೂನು ಬರೆದವರಿಗೆ ಮನಸ್ಸಿನಲ್ಲೇ ಕೈಮುಗಿದಿದ್ದೇನೆ.

ಪಶ್ಚಿಮಕ್ಕೆ ಸರಿದರೆ ಎರ್ಕಿ. ಕೆಂಪು ಮರಳುಗಲ್ಲಿನ ಬಂಡೆ, ಅದರ ಸಂದಿನಲ್ಲಿ ಪೋರ್ತ್ಯುಎ ಎಂಬ, ಕಡಿದಾದ ಕಾಲುಹಾದಿಯಲ್ಲೇ ಇಳಿಯಬೇಕಾದ ಕಿರುತೀರ. ಅಲ್ಲಿಂದ ಸ್ಯಾಂ ಬ್ರಿಯೋ ಕೊಲ್ಲಿಯನ್ನು ಬಳಸಿ ಹೋಗುವಾಗ ಪ್ರವಾಸೋದ್ಯಮದ ಚಿತ್ರಗಳು ತೋರಿಸದ ಒಂದು ಸಂಗತಿಯನ್ನು ಹೇಳಲೇಬೇಕು. ಆಳವಿಲ್ಲದ, ಅಲೆಯಿಲ್ಲದ ಕೆಲವು ಕೊಲ್ಲಿಗಳಲ್ಲಿ ಬೇಸಿಗೆಯಲ್ಲಿ ಹಸಿರು ಪಾಚಿ ಬೆಳೆದು, ದಡಕ್ಕೆ ಬಂದು, ಕೊಳೆಯುತ್ತದೆ. ಒಳನಾಡಿನ ತೀವ್ರ ಕೃಷಿ, ಹಂದಿ ಮತ್ತು ಕೋಳಿ ಸಾಕಣೆಯಿಂದ ಹೊಳೆಗಳಿಗೆ ಸೇರುವ ನೈಟ್ರೇಟ್ ಅದಕ್ಕೆ ಉಣಿಸು. ಕೊಳೆತ ಪಾಚಿಯ ಮೇಲೆ ಒಣಗಿದ ಹೊಪ್ಪಳೆ ಕಟ್ಟಿ, ಅಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ಸಂಗ್ರಹವಾಗುತ್ತದೆ. ಕಾಲಿಟ್ಟು ಹೊಪ್ಪಳೆ ಒಡೆದರೆ ಆ ವಿಷ ಹೊರಬರುತ್ತದೆ. 2009ರಲ್ಲಿ ಸ್ಯಾಂ ಮಿಶೆಲ್ ಆಂ ಗ್ರೇವ್ ತೀರದಲ್ಲಿ ಕುದುರೆಯೊಂದು ಸತ್ತು ಸವಾರ ಪ್ರಜ್ಞೆ ತಪ್ಪಿ ಬಿದ್ದ ಮೇಲೆ, 2011ರಲ್ಲಿ ಗೂಎಸ್ಸಾಂ ನದಿಮುಖದಲ್ಲಿ ಮೂವತ್ತಕ್ಕೂ ಹೆಚ್ಚು ಕಾಡುಹಂದಿಗಳು ಸತ್ತುಬಿದ್ದ ಮೇಲೆ ಇದು ದೇಶಕ್ಕೆಲ್ಲ ತಿಳಿಯಿತು. ಬ್ರಿಟನಿಯ ಬಹುಪಾಲು ತೀರಗಳಲ್ಲಿ ಈ ಕಾಟವಿಲ್ಲ. ಆದರೂ ಕೊಳೆತ ಮೊಟ್ಟೆಯ ವಾಸನೆ ಬಂದರೆ, ಎಚ್ಚರಿಕೆಯ ಫಲಕ ಕಂಡರೆ, ಮಕ್ಕಳ ಕೈಹಿಡಿದು ಹಿಂದಿರುಗುವುದೇ ಸರಿ. ನಾವು ಒಮ್ಮೆ ಹಾಗೆ ಹಿಂದಿರುಗಿದ್ದೇವೆ. ಮಧ್ಯಾಹ್ನದ ಬುತ್ತಿಯನ್ನು ಕಾರಿನಲ್ಲಿ ಕೂತು ಉಂಡೆವು.

ಅದೇ ದಿನ ಸಂಜೆ ನಾವು ಪ್ಲೂಆ ಊರಿನ ಬೋನಾಪಾರ್ತ್ ತೀರಕ್ಕೆ ಹೋದೆವು. ಬ್ರಿಟನಿಯ ಅತಿ ಎತ್ತರದ ಬಂಡೆಗಳು ಆ ಊರಿನ ಅಂಚಿನಲ್ಲಿವೆ, ಸುಮಾರು 100 ಮೀಟರು. ಬಂಡೆಯೊಳಗೆ ಕೊರೆದ ಚಿಕ್ಕ ಸುರಂಗದಲ್ಲಿ ನಡೆದು ಆಚೆ ಬಂದರೆ ಕಾಲಡಿಯಲ್ಲಿ ಮರಳು, ಎದುರಿಗೆ ಬರಿಯ ನೀರು. ಈ ತೀರದ ಹಳೆಯ ಹೆಸರು ಆಂಸ್ ಕೊಶಾ. ಬೋನಾಪಾರ್ತ್ ಎಂಬುದು ಯುದ್ಧಕಾಲದ ಗುಪ್ತನಾಮ. 1944ರಲ್ಲಿ, ಜರ್ಮನರ ವಶದಲ್ಲಿದ್ದ ಫ್ರಾನ್ಸಿನ ಮೇಲೆ ವಿಮಾನ ಉರುಳಿ ಬದುಕುಳಿದ ಮಿತ್ರರಾಷ್ಟ್ರಗಳ ವೈಮಾನಿಕರನ್ನು ಶೆಲ್‌ಬರ್ನ್ ಎಂಬ ಗುಪ್ತಜಾಲದವರು ಊರೂರು ದಾಟಿಸಿ ಇಲ್ಲಿಗೆ ತರುತ್ತಿದ್ದರು. ಆಲ್ಫೋನ್ಸ್ ಮನೆಯ ಎಲ್ಲರಿಗೂ ನಮಸ್ಕಾರ ಎಂಬ ಮಾತು ಲಂಡನ್ ರೇಡಿಯೊದಲ್ಲಿ ಬಂದರೆ, ಆ ರಾತ್ರಿ ದೋಣಿ ಬರುತ್ತದೆಂದು ಅರ್ಥ. ಆಲ್ಫೋನ್ಸ್ ಮನೆ ಎಂದರೆ ಬಂಡೆಯ ಹಿಂದಿನ ಒಂದು ಸಣ್ಣ ಕಲ್ಲುಮನೆ. ಅಲ್ಲಿ ಕಾದಿದ್ದವರನ್ನು ನೆಲಬಾಂಬು ಹೂಳಿದ್ದ ಬಯಲಿನಲ್ಲಿ ನಡೆಸಿ, ಬಂಡೆಯಿಂದ ಜಾರಿಸಿ ಇಳಿಸಿ, ಮರಳಿನ ಮೇಲೆ ನಿಲ್ಲಿಸುತ್ತಿದ್ದರು. ಹೀಗೆ ಒಂದೊಂದು ತಂಡವಾಗಿ ನೂರಕ್ಕೂ ಹೆಚ್ಚು ವೈಮಾನಿಕರು ಇಂಗ್ಲೆಂಡಿಗೆ ಮರಳಿದರು. ಆ ವರ್ಷದ ಜುಲೈಯಲ್ಲಿ ಜರ್ಮನರು ಮನೆಯನ್ನು ಸುಟ್ಟರು.

ಆ ಕೆಲಸಕ್ಕೆ ಆರಿಸಿಕೊಂಡದ್ದು ಬೆಳದಿಂಗಳಿಲ್ಲದ ರಾತ್ರಿಗಳನ್ನು. ನನ್ನ ಚೀಲದಲ್ಲಿದ್ದ ಪುಸ್ತಿಕೆಯ ಚಂದ್ರನ ಚಿತ್ರಗಳನ್ನು ನಾನು ಆವರೆಗೆ ನೋಡಿದ್ದು ಚಿಪ್ಪು ಹೆಕ್ಕಲು ಯಾವ ದಿನ ಒಳ್ಳೆಯದು ಎಂದು ತಿಳಿಯಲು. ಅಮಾವಾಸ್ಯೆಯ ಸುತ್ತಲಿನ ಕತ್ತಲೆಂದರೆ ದೊಡ್ಡ ಇಳಿತವೂ ಹೌದು, ದೊಡ್ಡ ಉಬ್ಬರವೂ ಹೌದು. ದೋಣಿ ದಡಕ್ಕೆ ಎಷ್ಟು ಹತ್ತಿರ ಬಂದೀತು, ಕತ್ತಲಲ್ಲಿ ಎಷ್ಟು ದೂರ ಮರಳಿನ ಮೇಲೆ ನಡೆಯಬೇಕಾದೀತು ಎಂಬುದೆಲ್ಲ ಇಂಥದೇ ಒಂದು ಪಟ್ಟಿಯಲ್ಲಿತ್ತು. ಆ ಸಂಜೆ ಅಲ್ಲಿ ಒಬ್ಬ ಅಜ್ಜ ಮೊಮ್ಮಗನಿಗೆ ಗಾಳಿಪಟ ಹಾರಿಸುವುದನ್ನು ಕಲಿಸುತ್ತಿದ್ದರು. ನಾವು ಮಾತಾಡದೆ ಕತ್ತಲಾಗುವವರೆಗೂ ಕೂತಿದ್ದೆವು.

ಗುಲಾಬಿ ಗ್ರಾನೈಟಿನ ತೀರವನ್ನು ಎಲ್ಲರೂ ಹೊಗಳುತ್ತಾರೆ, ನಾನೂ ಹೊಗಳುತ್ತೇನೆ. ಪ್ಲೂಮನಾಕ್‌ನಲ್ಲಿ ಸುಮಾರು 30 ಕೋಟಿ ವರ್ಷ ಹಳೆಯ ಬಂಡೆಗಳು ಸವೆದು, ಉರುಟಾಗಿ, ಒಂದರ ಮೇಲೊಂದು ಕುಳಿತಿವೆ. ಹಂಪಿಯ ಬಂಡೆಗಳ ರಾಶಿಯನ್ನು ನೋಡಿದವರಿಗೆ ಆಕಾರ ಹೊಸದಲ್ಲ. ಹೊಸದು ಬಣ್ಣ, ಮತ್ತು ಸಂದಿಸಂದಿಯಲ್ಲಿ ನುಗ್ಗುವ ಸಮುದ್ರ. ಕಲ್ಲಿನೊಳಗಿನ ಫೆಲ್ಡ್‌ಸ್ಪಾರ್ ಹರಳುಗಳಿಂದ ಬಂದ ಆ ಬಣ್ಣ ಮಧ್ಯಾಹ್ನ ಪೇಲವವಾಗಿದ್ದು, ಸೂರ್ಯ ಇಳಿದಂತೆ ಸುಟ್ಟ ಇಟ್ಟಿಗೆಯಷ್ಟು ಗಾಢವಾಗುತ್ತದೆ. ಊರಿನ ಸ್ಯಾಂ ಗಿರೆಕ್ ತೀರದಲ್ಲಿ ಬಂಡೆಯೊಂದರ ಮೇಲೆ ಆ ಸಂತನ ಪುಟ್ಟ ಗುಡಿಯಿದೆ. ಉಬ್ಬರದಲ್ಲಿ ಸುತ್ತಲೂ ನೀರು, ಇಳಿತದಲ್ಲಿ ಮಕ್ಕಳು ಅದರ ಮೆಟ್ಟಿಲ ಮೇಲೆ ಬಕೆಟ್ಟು ಇಡುತ್ತಾರೆ. ಮದುವೆ ಬಯಸುವ ಹುಡುಗಿಯರು ಮರದ ವಿಗ್ರಹದ ಮೂಗಿಗೆ ಸೂಜಿ ಚುಚ್ಚುತ್ತಿದ್ದರಂತೆ, ಸೂಜಿ ನಿಂತರೆ ಮದುವೆ ಹತ್ತಿರ. ಚುಚ್ಚಿ ಚುಚ್ಚಿ ಸಂತನಿಗೆ ಮೂಗೇ ಉಳಿಯದೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗ್ರಾನೈಟಿನ ವಿಗ್ರಹವನ್ನಿಟ್ಟರು. ಈಗ ಸೂಜಿ ನಾಟುವುದಿಲ್ಲ. ಆ ಊರಿನ ಹುಡುಗಿಯರು ಬೇರೆ ದಾರಿ ಕಂಡುಕೊಂಡಿರಬೇಕು. ಎದುರಿನ ಸೆತ್ ಈಲ್ ದ್ವೀಪಗಳು 1912ರಿಂದ ಪಕ್ಷಿಧಾಮ. ದೋಣಿಯಲ್ಲಿ ಸುತ್ತಿ ಬಂದರೆ ಗ್ಯಾನೆಟ್ ಹಕ್ಕಿಗಳಿಂದ ಬಂಡೆಯೊಂದು ಹಿಮ ಬಿದ್ದಂತೆ ಬೆಳ್ಳಗಾಗಿರುವುದು ಕಾಣುತ್ತದೆ.

ಇನ್ನೂ ಪಶ್ಚಿಮಕ್ಕೆ ಫಿನಿಸ್ತೇರ್ ಜಿಲ್ಲೆ. ಹೆಸರಿನ ಅರ್ಥ ಲ್ಯಾಟಿನ್‌ನಲ್ಲಿ ನೆಲದ ಕೊನೆ. ಬ್ರೆಟನ್ ಭಾಷೆಯವರು ಅದನ್ನೇ ಪೆನ್ ಆರ್ ಬೆದ್ ಎನ್ನುತ್ತಾರೆ. ಪೆನ್ ಎಂದರೆ ತುದಿಯೂ ಹೌದು, ತಲೆಯೂ ಹೌದು, ಹಾಗಾಗಿ ಜಗತ್ತಿನ ಕೊನೆ ಎಂದಾದರೂ ಅರ್ಥೈಸಿ, ಶಿರಸ್ಸು ಎಂದಾದರೂ. ಇಲ್ಲಿನ ಉತ್ತರ ತೀರದ ಪೋರ್ತ್ಸಾಲ್ ಎದುರಿನಲ್ಲಿ 1978ರ ಮಾರ್ಚ್ 16ರಂದು ಅಮೊಕೊ ಕಾಡಿಜ್ ಎಂಬ ತೈಲಹಡಗು ಬಂಡೆಗೆ ಸಿಕ್ಕಿ, ಎರಡು ಲಕ್ಷ ಟನ್ನಿಗೂ ಹೆಚ್ಚು ಕಚ್ಚಾತೈಲ ಸಮುದ್ರಕ್ಕೆ ಸೇರಿತು. ಆ ಹಡಗಿನ ಲಂಗರನ್ನು ಬಂದರಿನಲ್ಲಿ ಇಟ್ಟಿದ್ದಾರೆ. ಅದರ ಹಿಂದಿನ ಮರಳು ಇಂದು ಬೆಳ್ಳಗಿದೆ. ನೀರು ಎಲುಬು ಕೊರೆಯುವಷ್ಟು ತಣ್ಣಗಿದೆ.

ಮೂರು ಬೇಸಿಗೆಗಳಲ್ಲೂ ನಾವು ತಪ್ಪದೆ ಹೋದದ್ದು ಕ್ರೋಜೋಂ ಪರ್ಯಾಯದ್ವೀಪಕ್ಕೆ. ನಕ್ಷೆಯಲ್ಲಿ ವಕ್ರ ಶಿಲುಬೆಯಂತೆ ಕಾಣುವ ಈ ನೆಲಕ್ಕೆ ಮೂರು ಬಗೆಯ ಕಡಲು. ಉತ್ತರದ ತುದಿಯಲ್ಲಿ ನಿಂತರೆ ಕಿರಿದಾದ ನೀರಿನಾಚೆ ಬ್ರೆಸ್ಟ್ ಬಂದರು ಕಾಣುತ್ತದೆ. 1788ರಲ್ಲಿ ಟಿಪ್ಪು ಸುಲ್ತಾನ್ ಹದಿನಾರನೆಯ ಲೂಯಿಯ ಬಳಿಗೆ ಕಳುಹಿಸಿದ್ದ ಮೂವರು ರಾಯಭಾರಿಗಳು, ಕೇಳಿದ ಸೈನಿಕ ಸಹಾಯ ಸಿಗದೆ, ಉಡುಗೊರೆಗಳನ್ನಷ್ಟೇ ಪಡೆದು, ಊರಿಗೆ ಹೊರಟ ಹಡಗು ಹತ್ತಿದ್ದು ಆ ಬಂದರಿನಲ್ಲಿ. ಶ್ರೀರಂಗಪಟ್ಟಣದಿಂದ ಬಂದವರು ಅಲ್ಲಿ ಗಾಳಿ ಮತ್ತು ಇಳಿತಕ್ಕಾಗಿ ಕಾಯುತ್ತ ಈ ಬೂದುಬಣ್ಣದ ಆಕಾಶವನ್ನು ನೋಡಿರಬೇಕೆಂದು ಊಹಿಸಿಕೊಂಡಾಗ ನನಗೆ ಚಳಿ ಸ್ವಲ್ಪ ಹೆಚ್ಚಾಯಿತು.

ದಕ್ಷಿಣಕ್ಕೆ, ಗಾಳಿಗೆ ಮರೆಯಾಗಿರುವ ಕಡೆ, ಮೊರ್ಗಾ ಎಂಬ ಊರಿನ ಅರ್ಧಚಂದ್ರಾಕಾರದ ತೀರ. ಸಣ್ಣ ಮಕ್ಕಳಿರುವವರಿಗೆ ಇಷ್ಟು ಸೌಮ್ಯವಾದದ್ದು ಆ ಸುತ್ತಿನಲ್ಲಿ ಇನ್ನೊಂದಿಲ್ಲ. ಅಲ್ಲಿಂದ ಮುಂದಕ್ಕೆ ಪೈನ್ ಮರಗಳ ನಡುವಿನ ಕಾಲುದಾರಿಯಲ್ಲಿ ನಡೆದರೆ ಈಲ್ ವಿಯೆರ್ಜ್ ಎಂಬ ಕಿರುಕೊಲ್ಲಿ. ಹಸಿರು ನೀಲಿ ಬೆರೆತ ಅದರ ನೀರಿನ ಚಿತ್ರವನ್ನು ಬ್ರಿಟನಿಯ ಬಗ್ಗೆ ಹುಡುಕಿದವರೆಲ್ಲ ನೋಡಿರುತ್ತಾರೆ. ಇದೇ ಹೆಸರಿನ ದ್ವೀಪವೊಂದು ಉತ್ತರದಲ್ಲಿ ಪ್ಲೂಗೆರ್ನೋ ಎದುರಿಗಿದೆ, ಅಲ್ಲಿರುವುದು 82.5 ಮೀಟರು ಎತ್ತರದ ಕಲ್ಲಿನ ದೀಪಸ್ತಂಭ; ಎರಡನ್ನೂ ಒಂದೇ ಎಂದುಕೊಂಡು ದಾರಿ ತಪ್ಪಬೇಡಿ. ಕ್ರೋಜೋಂನ ಈ ಕೊಲ್ಲಿಗೆ ಇಳಿಯುವುದನ್ನು ಬಂಡೆ ಕುಸಿಯುವ ಅಪಾಯದ ಕಾರಣ ಪುರಸಭೆ ಕೆಲವು ವರ್ಷಗಳ ಹಿಂದೆ ನಿಷೇಧಿಸಿತು. ಹೆಸರು ಹಬ್ಬಿದಷ್ಟೂ ಕಾಲ್ತುಳಿತ ಹೆಚ್ಚಿ, ಇಳಿಜಾರಿನ ಮಣ್ಣು ಸವೆದಿತ್ತು. ಬೇಲಿ ದಾಟಿ ಇಳಿದವರನ್ನು ನಾವು ಕಂಡೆವು. ನಾವು ಮೇಲೆ ನಿಂತು ನೋಡಿದೆವು. ಮೇಲಿನಿಂದ ನೋಡುವುದರಲ್ಲೇ ಅದರ ಚೆಲುವಿದೆ ಎಂದು ನಾನು ವಾದಿಸಿದೆ; ಹೆಂಡತಿ ಒಪ್ಪಲಿಲ್ಲ.

ಪಶ್ಚಿಮದ ಬದಿಯೇ ಬೇರೆ. ಅಲ್ಲಿ ಅಟ್ಲಾಂಟಿಕ್‌ಗೂ ಮರಳಿಗೂ ನಡುವೆ ಏನೂ ಇಲ್ಲ. ಲೋಸ್ತ್‌ಮಾರ್ಕ್ ಎಂಬ ತೀರದ ಹೆಸರಿಗೆ ಬ್ರೆಟನ್‌ನಲ್ಲಿ ಕುದುರೆಬಾಲ ಎಂದರ್ಥ. ಗಾಳಿಗೆ ಹಿಂದಕ್ಕೆ ಹಾರುವ ಅಲೆಯ ನೊರೆಯನ್ನು ನೋಡುವಾಗ ಹೆಸರಿಟ್ಟವರ ಕಣ್ಣು ಮೆಚ್ಚಬೇಕೆನಿಸಿತು, ನಿಜವಾದ ಕಾರಣ ಬೇರೆಯೇ ಇರಬಹುದಾದರೂ. ದಿಬ್ಬದ ಮೇಲೆ ಇತಿಹಾಸಪೂರ್ವದವರು ನಿಲ್ಲಿಸಿದ ಕಲ್ಲುಗಳು, ಕೆಳಗೆ ನಿರ್ಜನ ಮರಳು, ಮತ್ತು ಈಜಬಾರದೆಂಬ ಫಲಕ. ಪಕ್ಕದ ಲಾ ಪಾಲ್ಯು, ಉತ್ತರದ ಪೆನ್ ಹಾತ್ ತೀರಗಳಲ್ಲೂ ಇದೇ ಆಜ್ಞೆ. ದಡಕ್ಕೆ ಬಂದ ನೀರು ಹಿಂದಿರುಗುವಾಗ ಮರಳಿನ ನಡುವಿನ ತಗ್ಗಿನಲ್ಲಿ ಹೊಳೆಯಂತೆ ಹರಿದು, ಸಿಕ್ಕವರನ್ನು ಹೊರಕ್ಕೆ ಒಯ್ಯುತ್ತದೆ. ಮುರ್ಡೇಶ್ವರದಲ್ಲೋ ಗೋಕರ್ಣದಲ್ಲೋ ಪ್ರತಿವರ್ಷ ಜೀವ ತೆಗೆಯುವ ಸೆಳೆತವೂ ಇದೇ ಬಗೆಯದು. ಈಜಲಾಗದ ಕಡಲತೀರಕ್ಕೆ ಹೋಗಿ ಪ್ರಯೋಜನವೇನು ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ. ನಾನು ಮಾತ್ರ ಲೋಸ್ತ್‌ಮಾರ್ಕ್‌ನ ಹುಲ್ಲಿನ ಮೇಲೆ ಒಂದು ಇಡೀ ಇಳಿತವನ್ನು, ಅಂದರೆ ಆರು ಗಂಟೆಗಳನ್ನು, ಬುತ್ತಿ ಮತ್ತು ಕಂಬಳಿಯೊಡನೆ ಕಳೆದಿದ್ದೇನೆ. ಆ ದಿನ ನೀರು ಎಲ್ಲೆಲ್ಲಿ ಬಣ್ಣ ಬದಲಿಸಿತೆಂದು ಈಗಲೂ ಹೇಳಬಲ್ಲೆ.

ಪುವಾಂತ್ ದ್ಯು ರಾ ಎಂಬ ಭೂಶಿರದ ಪಕ್ಕದ ತ್ರೆಪಾಸೇ ಕೊಲ್ಲಿಯ ಬಗ್ಗೆ ಒಂದು ಮಾತು. ಹೆಸರಿನ ಅರ್ಥ ಗತಿಸಿದವರ ಕೊಲ್ಲಿ. ಮುಳುಗಿದ ಹಡಗುಗಳ ಹೆಣಗಳು ಇಲ್ಲಿ ದಡ ಸೇರುತ್ತಿದ್ದವೆಂದು ಜನ ಹೇಳುತ್ತಾರೆ. ಬ್ರೆಟನ್‌ನಲ್ಲಿ ಹೊಳೆಗಿರುವ ಹಳೆಯ ಪದವೂ ಪ್ರೇತಾತ್ಮಗಳಿಗಿರುವ ಪದವೂ ಕಿವಿಗೆ ಹತ್ತಿರವಾದ್ದರಿಂದ, ಹೊಳೆಕೊಲ್ಲಿ ಎಂಬುದೇ ಪ್ರೇತಕೊಲ್ಲಿಯಾಯಿತೆಂದು ಇನ್ನೊಂದು ವಾದ. ಎರಡು ಭೂಶಿರಗಳ ನಡುವೆ ಸಿಕ್ಕಿಕೊಂಡ ಅಲೆಗಳು ಇಲ್ಲಿ ಸಾಲಾಗಿ ಬರುವುದರಿಂದ ಈಗ ಸರ್ಫಿಂಗ್ ಕಲಿಯುವ ಹುಡುಗರ ಗುಂಪು. ಕಪ್ಪು ರಬ್ಬರ್ ಉಡುಪಿನಲ್ಲಿ ನೀರಿನಿಂದ ಒಬ್ಬೊಬ್ಬರಾಗಿ ಎದ್ದು ಬರುವಾಗ ಮಾತ್ರ ಹೆಸರಿನ ಮೊದಲ ಅರ್ಥವೇ ಸರಿಯೇನೋ ಎನಿಸುತ್ತದೆ.

ದಕ್ಷಿಣ ಬ್ರಿಟನಿಯನ್ನು ನಾನು ಬೇಗ ದಾಟಿಸುತ್ತೇನೆ, ಅದು ನನ್ನ ಪಕ್ಷಪಾತ. ಬೆಚ್ಚಗಿನ ನೀರು ಬೇಕೆನ್ನುವವರಿಗೆ ಅದೇ ಸರಿ: ಉತ್ತರದಲ್ಲಿ ಆಗಸ್ಟ್‌ನಲ್ಲೂ ನೀರು 16, 17 ಡಿಗ್ರಿಯಾದರೆ ಇಲ್ಲಿ 19, 20 ಮುಟ್ಟೀತು, ಏರಿಳಿತವೂ 5 ಮೀಟರಿನ ಸುತ್ತ. ಕಿಬ್ರೋಂ ಪರ್ಯಾಯದ್ವೀಪದ ಪೂರ್ವದ ಬದಿಯಲ್ಲಿ ಕೆರೆಯಂಥ ಸಮುದ್ರ, ಪಶ್ಚಿಮದ ಬದಿಯಲ್ಲಿ ಈಜು ನಿಷಿದ್ಧವಾದ ಕಾಡುಕಡಲು. ನಡುವಿನ ನೆಲ ಒಂದೆಡೆ ರಸ್ತೆ ಮತ್ತು ರೈಲು ಹಳಿಗಷ್ಟೇ ಸಾಲುವಂತಿದೆ. ಗ್ಲೆನಾಂ ದ್ವೀಪಗಳಲ್ಲಿ ಸುಣ್ಣದಂಥ ಒಂದು ಕಡಲಪಾಚಿಯ ಚೂರುಗಳಿಂದಾದ ಬಿಳಿ ಮರಳಿನಿಂದಾಗಿ ನೀರು ಲಕ್ಷದ್ವೀಪದ ಚಿತ್ರದಂತೆ ಕಾಣುತ್ತದೆ; ಕೈಯಿಟ್ಟೊಡನೆ ಭ್ರಮೆ ಹರಿಯುತ್ತದೆ. ಗ್ರುವಾ ದ್ವೀಪದ ದೊಡ್ಡ ತೀರ ಒಳಕ್ಕೆ ಬಾಗುವ ಬದಲು ಹೊರಕ್ಕೆ ಉಬ್ಬಿದೆ, ಮತ್ತು ಕಡಲೊಳಗಿನ ಪ್ರವಾಹಕ್ಕೆ ಸಿಕ್ಕಿ ವರ್ಷದಿಂದ ವರ್ಷಕ್ಕೆ ಜಾಗ ಬದಲಿಸುತ್ತದೆ. ಅದರ ಬಳಿ ಗಾರ್ನೆಟ್ ಹರಳುಗಳಿಂದ ಕೆಂಪಾದ ಮರಳೂ ಇದೆ.

ಬ್ರಿಟನಿಯಲ್ಲಿ ದಿನಕ್ಕೆ ಹಲವು ಸಲ ಹವೆ ಚೆನ್ನಾಗಿರುತ್ತದೆ ಎಂದು ಅಲ್ಲಿನವರು ತಮಾಷೆಗೆ ಹೇಳುವುದುಂಟು. ಉಳಿದ ಹೊತ್ತು ಮಳೆ ಎಂಬುದನ್ನು ನಾವೇ ತಿಳಿದುಕೊಳ್ಳಬೇಕು. ಮಳೆ ಬಂದಾಗ ಅವರು ಓಡುವುದಿಲ್ಲ, ಟೋಪಿ ಏರಿಸಿಕೊಂಡು ಹೆಕ್ಕುತ್ತಲೇ ಇರುತ್ತಾರೆ. ಇಳಿತದ ಮರಳಿನಲ್ಲಿ ಬಳಚಿನಂಥ ಚಿಪ್ಪುಗಳನ್ನು ಕೆರೆಗೋಲಿನಿಂದ ಕೆದಕುವುದು, ಉದ್ದನೆಯ ಚೂರಿಚಿಪ್ಪಿನ ತೂತಿಗೆ ಚಿಟಿಕೆ ಉಪ್ಪು ಹಾಕಿ ಅದು ಮೇಲೇಳುವುದನ್ನು ಕಾಯುವುದು ಅಲ್ಲಿ ಅಜ್ಜಿ ಮೊಮ್ಮಕ್ಕಳ ಕೆಲಸ. ಎಷ್ಟು ದೊಡ್ಡದನ್ನು, ಎಷ್ಟು ಹೆಕ್ಕಬಹುದೆಂಬುದಕ್ಕೆ ನಿಯಮಗಳಿವೆ. ತಿರುಗಿಸಿದ ಕಲ್ಲನ್ನು ಮೊದಲಿದ್ದಂತೆಯೇ ಇಡಬೇಕು. ಒದ್ದೆಯಾಗಿ ಹಿಂದಿರುಗಿದವರಿಗೆ ಕಾದ ಕಬ್ಬಿಣದ ಹಂಚಿನ ಮೇಲೆ ಬಕ್‌ವೀಟ್ ಹಿಟ್ಟಿನಿಂದ ಎರೆದ ತೆಳ್ಳನೆಯ ಗಲೆತ್, ಮೇಲೆ ಉಪ್ಪು ಬೆಣ್ಣೆ. ನಮ್ಮ ನೀರುದೋಸೆಗೆ ದೂರದ ತಂಗಿಯಂತಿರುವ ಅದನ್ನು ನಾನು ತೆಂಗಿನಕಾಯಿ ಚಟ್ನಿಯಿಲ್ಲದ ದುಃಖದಲ್ಲೇ ಎರಡೆರಡು ತಿಂದಿದ್ದೇನೆ.

ಮೂರನೆಯ ಬೇಸಿಗೆ ಸ್ಯಾಂ ಮಾಲೊದ ನಿಲ್ದಾಣದಿಂದ ನೇರ ಪತ್ರಿಕೆಯಂಗಡಿಗೆ ಹೋಗಿ ಹೊಸ ವರ್ಷದ ಪುಸ್ತಿಕೆ ಕೊಂಡೆವು. ಅಂಕ 97, ಬೆಳಗಿನ ಉಬ್ಬರ ಎಂಟು ಮುಕ್ಕಾಲಿಗೆ. ನಮಗೆ ಬೇಕಿದ್ದ ಮರಳು ಇನ್ನೂ ನೀರಿನಡಿಯಲ್ಲಿತ್ತು. ತಡೆಗೋಡೆಯಿಂದ ಕೆಳಗಿಳಿಯುವ ಮೆಟ್ಟಿಲುಗಳ ಮೇಲೆ ಆಗಲೇ ಹತ್ತು ಹನ್ನೆರಡು ಮಂದಿ ಟವೆಲು, ಬಕೆಟ್ಟು, ಮಡಚುಕುರ್ಚಿಗಳೊಡನೆ ಸಮುದ್ರಕ್ಕೆ ಮುಖಮಾಡಿ ಕೂತಿದ್ದರು. ಯಾರಿಗೂ ಅವಸರವಿರಲಿಲ್ಲ. ಒಬ್ಬಾಕೆ ಕೈಹೆಣಿಗೆ ತೆಗೆದಿದ್ದರು. ನಾವೂ ಅವರ ಪಕ್ಕ ಕೂತು ಚೀಲದಿಂದ ಬ್ರೆಡ್ಡು ತೆಗೆದೆವು. ಅರ್ಧ ತಿನ್ನುವಷ್ಟರಲ್ಲಿ ನಮ್ಮ ಕಾಲ ಕೆಳಗಿನ ಇನ್ನೊಂದು ಮೆಟ್ಟಿಲು, ಹಸಿರು ಪಾಚಿ ಮೆತ್ತಿಕೊಂಡು, ನೀರಿನಿಂದ ಹೊರಬಂತು.